ಹೊಲ ಕಾಯೋ ಕೋವಿ: ರೈಫಲ್ ಯಾಕೆ ಬೇಡ, ಕೇಪಿನ ಕೋವಿ ಎಷ್ಟು ಸಾಕು?

ಮುಸುಕಿನ ಜೋಳ ಹಾಲು ಕಟ್ಟಿತೆಂದರೆ ಅರಕಲಗೂಡು, ಹೊಳೆನರಸೀಪುರ ಕಡೆ ರಾತ್ರಿ ಕಾವಲು ಶುರು. ಹಾಸನ, ಚನ್ನರಾಯಪಟ್ಟಣದವರಿಗೂ ಹಂದಿ, ಮಂಗಗಳ ಕಾಟ ಹೊಸದಲ್ಲ. "ದೂರದಿಂದಲೇ ಗುರಿಯಿಟ್ಟು ಹೊಡೆಯೋ ರೈಫಲ್ ಒಂದಿದ್ರೆ!" ಎಂಬ ಮಾತು ಊರ ಕಟ್ಟೆಯಲ್ಲಿ ಬಂದೇ ಬರುತ್ತದೆ.

ಅಮೆರಿಕದಲ್ಲಿ ಅಂಥದ್ದುಂಟು. ಹೊಲದಲ್ಲಿ ಬಿಲ ತೋಡುವ ಪ್ರಾಣಿಗಳಿಗಾಗಿ ಹವ್ಯಾಸಿಗಳು ತೋಟಾದ ಕೊರಳು ಕಿರಿದು ಮಾಡಿ, ಅದಕ್ಕೆ ತಕ್ಕ ನಳಿಗೆ ಕೊರೆಸಿ, ಕಾಗದಕ್ಕೆ ಗುರಿಯಿಟ್ಟು ಪರೀಕ್ಷಿಸುತ್ತಾರೆ. ಕಾರ್ಖಾನೆ ಮಾಡದ ಇಂಥ ತೋಟಾಕ್ಕೆ 'ವೈಲ್ಡ್‌ಕ್ಯಾಟ್' ಎಂದು ಹೆಸರು. ಹೀಗೆ ಹುಟ್ಟಿದ .22-250 ತೋಟಾವನ್ನು ರೆಮಿಂಗ್ಟನ್ ಕಂಪನಿ 1965ರಲ್ಲಿ ಮಾರುಕಟ್ಟೆಗೆ ತಂತು.

ನಮ್ಮ ಹೊಲಕ್ಕೆ ಇದು ಹೊಂದದು. ರೈಫಲ್ ಗುಂಡು ಗುರಿ ತಪ್ಪಿದರೆ ಮೈಲಿಗೂ ಆಚೆ ಹೋದೀತು. ನಮ್ಮಲ್ಲಿ ಅಷ್ಟರೊಳಗೆ ಎರಡು ಊರು!

ಕಾನೂನು ಏನನ್ನುತ್ತೆ?

ಲೈಸೆನ್ಸಿಲ್ಲದೆ ಕೋವಿ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು. ಆದರೆ 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಂ ರೈತನನ್ನು ಮರೆತಿಲ್ಲ. ನಿಜವಾದ ಬೆಳೆ ರಕ್ಷಣೆಗೆ, ನಳಿಗೆಯ ಬಾಯಿಂದ ಮಸಿ ತುಂಬುವ ಕೋವಿಗೆ ಅದರಲ್ಲಿ ಅವಕಾಶವಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಸುರುಳಿ ಗೆರೆಯಿಲ್ಲದ ನಯ ನಳಿಗೆಯ ಬೇರೆ ಕೋವಿಯನ್ನೂ ಕೊಡಬಹುದು. ಅರ್ಜಿಯಲ್ಲಿ ಈ ಕಲಂ ಕಾಣಿಸಿ, ಪಹಣಿ, ಬೆಳೆ ಹಾನಿಯ ದಾಖಲೆ ಲಗತ್ತಿಸಿ.

ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸಲ್ಲ. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಕಾಡುಹಂದಿ ಎರಡನೇ ಪರಿಚ್ಛೇದದಲ್ಲಿದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಹಾಗಾಗಿ ನಮ್ಮ ಕೋವಿಯ ಕೆಲಸ ಮುಖ್ಯವಾಗಿ ಸದ್ದು.

ಈಡಿಗೆ ಮುಂಚೆ

ಚುನಾವಣೆ ಬಂದರೆ ಕೋವಿ ಠಾಣೆಗೆ. ಬೆಳೆಗೂ ಅದೇ ಹೊತ್ತು! ಬೆಳೆ ಕಾವಲಿಗೆ ಬೇಕೆಂದು ವಿನಾಯಿತಿ ಕೋರಿ ಜಿಲ್ಲಾ ಪರಿಶೀಲನಾ ಸಮಿತಿಗೆ ಮೊದಲೇ ಅರ್ಜಿ ಕೊಡಿ. ಠಾಣೆಯಿಂದ ಬಂದ ಕೋವಿಯನ್ನು ಹಾಗೇ ತುಂಬಬೇಡಿ. ಒಳಗೆ ಹಳೇ ಈಡು ಇದೆಯೇ ನೋಡಿ. ತುಕ್ಕು, ಬಿರುಕು ಕಂಡರೆ ಲೈಸೆನ್ಸುಳ್ಳ ಕೋವಿ ರಿಪೇರಿಯವರಿಗೆ ತೋರಿಸಿ. ಕೇಪು ಸಿಡಿದೂ ಈಡು ಹಾರದಿದ್ದರೆ ಬಾಯಿ ಇಣುಕಬಾರದು. ಜನರಿಲ್ಲದ ಕಡೆಗೇ ಹಿಡಿದು ಒಂದೆರಡು ನಿಮಿಷ ಕಾಯಿರಿ.

ಪೈಪಿನ ಕಾರ್ಬೈಡ್ ಗನ್ ಅಗ್ಗವೆಂದು ಮರುಳಾಗಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ನೂರಕ್ಕೂ ಹೆಚ್ಚು ಮಂದಿಯ, ಬಹುಪಾಲು ಮಕ್ಕಳ, ಕಣ್ಣಿಗೆ ಏಟಾಯಿತು.

ಹೋದ ಜೋಳ ಮುಂದಿನ ಮಳೆಗೆ ಬಂದೀತು. ಹೋದ ಕಣ್ಣು ಬರುವುದಿಲ್ಲ.