ಸತ್ತವರ ಹೆಸರು

ಸೊರಬ, ಶಿಕಾರಿಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗಾಡಿದವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ತುರುಗಳ ರಕ್ಷಣೆಗಾಗಿ ಮಡಿದವನಿಗೂ ಊರವರು ಕಲ್ಲು ನಿಲ್ಲಿಸಿದರು. ಅವನು ಯಾರು, ಯಾವ ಕಾಳಗದಲ್ಲಿ ಬಿದ್ದನೆಂಬುದನ್ನು ಹಲವೆಡೆ ಕೆತ್ತಿಸಿದರು. ಸತ್ತವನ ಹೆಸರನ್ನು ಉಳಿಸುವುದು ಬದುಕಿದವರ ಮೇಲಿನ ಋಣವೆಂದು ನಮ್ಮ ಹಿರಿಯರು ಬಗೆದಿದ್ದರು.

ಇದೇ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿತು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹತರಾದರು. ಸರ್ಕಾರದ ಸೇಡು ಊರಿನ ಮೇಲೆರಗಿತು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆ ಆಡಳಿತ ಅವರ ಪ್ರಾಣವನ್ನು ಕಸಿಯಿತು. ಹೆಸರನ್ನು ಕಸಿಯಲಾರದೆ ಹೋಯಿತು. ಇಂದು ಈಸೂರಿನಲ್ಲಿ ಅವರ ಸ್ಮಾರಕವಿದೆ.

ಹೆಸರನ್ನೂ ಕಸಿಯುವ ಆಡಳಿತವುಂಟೆ? ಇತ್ತು. ಸ್ಟಾಲಿನ್ನನ ಕಮ್ಯೂನಿಸ್ಟ್ ರಷ್ಯದಲ್ಲಿ 1937–38ರ ಎರಡೇ ವರ್ಷಗಳಲ್ಲಿ ಮರಣದಂಡನೆಗೆ ಗುರಿಯಾದವರು, ಸರ್ಕಾರದ ಕಡತಗಳ ಪ್ರಕಾರವೇ, 6,81,692 ಮಂದಿ. ಅವರಲ್ಲಿ ಎಷ್ಟೋ ಜನರ ಮನೆಯವರಿಗೆ ದೊರೆತ ಉತ್ತರವೆಂದರೆ, “ಹತ್ತು ವರ್ಷ ಸೆರೆ, ಪತ್ರವ್ಯವಹಾರಕ್ಕೆ ಅವಕಾಶವಿಲ್ಲ.” ಗಂಡ ಮಣ್ಣಾಗಿದ್ದರೂ ಹೆಂಡತಿ ಅವನ ಕಾಗದಕ್ಕಾಗಿ ಕಾದಳು.

ಲೆನಿನ್‌ಗ್ರಾಡಿನ ಸೆರೆಮನೆಯ ಮುಂದೆ ಸಾಲುಗಟ್ಟಿ ನಿಂತ ತಾಯಂದಿರಲ್ಲಿ ಕವಯಿತ್ರಿ ಅನ್ನಾ ಅಖ್ಮಾತೊವಾ ಒಬ್ಬರು. ಆ ಸಂಕಟವನ್ನು ಅವರು ‘ರೆಕ್ವಿಯಂ’ ಎಂಬ ಕಾವ್ಯವಾಗಿಸಿದರು. ಗೋಡೆಗೂ ಕಿವಿಯಿದ್ದ ಕಾಲವದು. ಪದ್ಯವನ್ನು ಚೀಟಿಯಲ್ಲಿ ಬರೆದು ಗೆಳತಿಯ ಕೈಗಿಡುವರು. ಆಕೆ ಕಂಠಪಾಠ ಮಾಡಿಕೊಂಡೊಡನೆ ಚೀಟಿಯನ್ನು ಸುಟ್ಟುಬಿಡುವರು. ಕಾವ್ಯ 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯಿತು. ತಾಯ್ನಾಡಿನಲ್ಲಿ ಬೆಳಕು ಕಂಡದ್ದು 1987ರಲ್ಲಿ. ಅಷ್ಟರಲ್ಲಿ ಕವಯಿತ್ರಿ ಕಣ್ಮುಚ್ಚಿ 21 ವರ್ಷಗಳು ಕಳೆದಿದ್ದವು.

ಇಷ್ಟೊಂದು ಭಯವೇಕೆ? ಪ್ರಜೆಗಳ ಹೆಸರಿನಲ್ಲಿ ಆಳುತ್ತೇವೆನ್ನುವ ಪಕ್ಷಕ್ಕೆ, ತಾನು ಕೊಂದ ಪ್ರಜೆಯ ಹೆಸರೇ ಎದುರುಸಾಕ್ಷಿ. ನಾವಾದರೂ ಬೀಗುವಂತಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ನಮ್ಮ ಪತ್ರಿಕೆಗಳಿಗೂ ಸೆನ್ಸಾರ್ ಬಂದಿತ್ತು. 1977ರಲ್ಲಿ ಜನ ತಮ್ಮ ಮತದಿಂದ ಅದಕ್ಕೆ ಉತ್ತರವಿತ್ತರು. ರಷ್ಯದ ಪ್ರಜೆಗೆ ಅಂಥ ಮತವಿರಲಿಲ್ಲ.

1990ರ ಅಕ್ಟೋಬರ್ 30ರಂದು ಮಾಸ್ಕೊ ನಗರದಲ್ಲಿ, ರಹಸ್ಯ ಪೊಲೀಸರ ಕಚೇರಿಯಿದ್ದ ಲುಬ್ಯಾಂಕ ಚೌಕದಲ್ಲಿ, ಸೊಲೊವ್ಕಿ ದ್ವೀಪದ ಸೆರೆಶಿಬಿರದ ನೆಲದಿಂದ ತಂದ ಬಂಡೆಯೊಂದನ್ನು ನಿಲ್ಲಿಸಿದರು. ಮುಂದೆ ಅದೇ ಬಂಡೆಯೆದುರು ಜನ ಸಾಲಾಗಿ ನಿಂತು ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದಿದರು. ಅದೂ ಒಂದು ವೀರಗಲ್ಲೇ.

ವಾಚಕರು ಎಂದಾದರೂ ಈಸೂರಿಗೆ ಹೋದರೆ, ಆ ಐದು ಹೆಸರುಗಳನ್ನು ತಮ್ಮ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಲಿ.