ಹಸು ಬೆದೆಗೆ ಬಾರದಿದ್ದಾಗ ಅಂಡಾಶಯದಲ್ಲಿ ನಡೆಯುವುದೇನು?

ಕರು ಹಾಕಿ ಮೂರು ತಿಂಗಳಾದರೂ ಬೆದೆಗೆ ಬರಲಿಲ್ಲವೆಂದು ಒಳ್ಳೆಯ ಹಸುವನ್ನು ಸಂತೆಗೆ ಹೊಡೆಯುವುದುಂಟು. ಆದರೆ ಬೆದೆ ಕಾಣದ ಹಸುಗಳೆಲ್ಲ ಬಂಜೆಯಲ್ಲ. ಅಂಡಾಶಯದ ಕೆಲಸವನ್ನು ತಿಳಿದುಕೊಂಡರೆ ಇಂಥ ನಷ್ಟವನ್ನು ತಪ್ಪಿಸಬಹುದು.

ಕೋಶಿಕೆಗಳ ಬೆಳವಣಿಗೆ

ಅಂಡಾಣುವನ್ನು ಒಳಗೊಂಡ ಪುಟ್ಟ ಚೀಲವೇ ಕೋಶಿಕೆ. ಬೆಳೆದಂತೆ ಇದರಲ್ಲಿ ದ್ರವ ತುಂಬಿ ನೀರುಗುಳ್ಳೆಯಂತಾಗುತ್ತದೆ. ಕೋಶಿಕೆಗಳು ಅಲೆ ಅಲೆಯಾಗಿ ಬೆಳೆಯುತ್ತವೆಂಬುದು 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಯಂತ್ರದಿಂದ ಖಚಿತವಾಯಿತು. 21 ದಿನಗಳ ಋತುಚಕ್ರದಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಅಲೆಗಳಿರುತ್ತವೆ. ಪ್ರತಿ ಅಲೆಯಲ್ಲಿ 4–5 ಮಿ.ಮೀ. ಗಾತ್ರದ ಹಲವು ಕೋಶಿಕೆಗಳು ಒಟ್ಟಿಗೆ ಹೊರಡುತ್ತವೆ. ಸುಮಾರು 8 ಮಿ.ಮೀ. ಆಗುವಾಗ ಒಂದು ಮುಂದಾಗುತ್ತದೆ. ಒಂದೇ ಗುಣಿಯ ಸಸಿಗಳಲ್ಲಿ ಬಲವಾದದ್ದು ಮೇಲೇರಿ ಉಳಿದವು ಸೊರಗುವಂತೆ, ಮಿಕ್ಕ ಕೋಶಿಕೆಗಳು ಕರಗಿಹೋಗುತ್ತವೆ.

ಹಿಂದಿನ ಬೆದೆಯಲ್ಲಿ ಕೋಶಿಕೆ ಒಡೆದ ಜಾಗದಲ್ಲಿ ಹಳದಿ ಗಂಟೊಂದು ಬೆಳೆದಿರುತ್ತದೆ. ಅದು ಪ್ರೊಜೆಸ್ಟರಾನ್ ಸ್ರವಿಸುವಷ್ಟು ದಿನ ಯಾವ ಕೋಶಿಕೆಯೂ ಒಡೆಯುವುದಿಲ್ಲ. ಹಸು ಗಬ್ಬವಾಗದಿದ್ದರೆ ಸುಮಾರು 17ನೆಯ ದಿನ ಗರ್ಭಕೋಶದ ಪ್ರೊಸ್ಟಾಗ್ಲಾಂಡಿನ್ ಈ ಗಂಟನ್ನು ಕರಗಿಸುತ್ತದೆ. ಆಗ ಬೆಳೆಯುತ್ತಿರುವ ದೊಡ್ಡ ಕೋಶಿಕೆ ಈಸ್ಟ್ರೊಜೆನ್ ಸ್ರವಿಸಿ ಹಸುವನ್ನು ಬೆದೆಗೆ ತರುತ್ತದೆ.

ಬೆದೆ ಕಾಣದಿರಲು ಕಾರಣ

ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಋತುಚಕ್ರ ಸರಿಯಾಗಿಯೇ ನಡೆದು ಬೆದೆ ಮಾತ್ರ ಕಣ್ಣಿಗೆ ಬೀಳದಿರುವುದು. ಎರಡನೆಯದು, ಕೋಶಿಕೆಗಳು ಬೆಳೆದರೂ ಒಡೆಯದೆ ಕರಗುವುದು. ತಿಂದ ಮೇವಿನ ಶಕ್ತಿಗಿಂತ ಹಾಲಿಗೆ ಹೋಗುವ ಶಕ್ತಿ ಹೆಚ್ಚಾಗಿ ಹಸು ಬಡಕಲಾದಾಗ ಪಿಟ್ಯುಟರಿ ಗ್ರಂಥಿಯಿಂದ ಬೇಕಾದಷ್ಟು ಹಾರ್ಮೋನು ಬರುವುದಿಲ್ಲ. ಕರು ಸದಾ ಮೊಲೆ ಚೀಪುತ್ತಿದ್ದರೂ ಹೀಗಾಗಬಹುದು.

ಪಶುವೈದ್ಯರು ಅಂಡಾಶಯವನ್ನು ಪರೀಕ್ಷಿಸಿ ಕಾರಣ ಹೇಳಬಲ್ಲರು. ಪರೀಕ್ಷೆಯಿಲ್ಲದೆ ಬೆದೆಯ ಚುಚ್ಚುಮದ್ದು ಕೊಡಿಸಬಾರದು. ಹಳದಿ ಗಂಟಿಲ್ಲದ ಹಸುವಿಗೆ ಪ್ರೊಸ್ಟಾಗ್ಲಾಂಡಿನ್ ಕೊಟ್ಟರೆ ಫಲವಿಲ್ಲ; ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕೀತು.

ರೈತರು ಮಾಡಬೇಕಾದದ್ದು

ಬಲು ಸಣ್ಣ ಕೋಶಿಕೆ ಒಡೆಯುವ ಹಂತಕ್ಕೆ ಬರಲು ಎರಡು ಮೂರು ತಿಂಗಳು ಬೇಕು. ಆದ್ದರಿಂದ ಬೆದೆ ತಪ್ಪಿದ ಮೇಲೆ ಹಿಂಡಿ ಸುರಿದರೆ ಕೂಡಲೇ ಫಲ ಸಿಗದು. ಗಬ್ಬದ ಕೊನೆಯ ಎರಡು ತಿಂಗಳಿಂದಲೇ ಹಸಿರು ಮೇವು, ಪಶು ಆಹಾರ ಹಾಗೂ ದಿನಕ್ಕೆ 30–50 ಗ್ರಾಂ ಖನಿಜ ಮಿಶ್ರಣ ಕೊಡಬೇಕು.

ಬೆಳಿಗ್ಗೆ ಮತ್ತು ಸಂಜೆ ಹಸುವನ್ನು ಗಮನಿಸಬೇಕು. ಸ್ವಚ್ಛವಾದ ಲೋಳೆ, ಕೂಗಾಟ, ಬೇರೆ ದನ ಹತ್ತಿದಾಗ ನಿಲ್ಲುವುದು ಬೆದೆಯ ಗುರುತುಗಳು. ನಾಟಿ ಹಸುಗಳಲ್ಲಿ ಬೆದೆ ಅಲ್ಪಕಾಲದ್ದು. ಬೆದೆ ಆರಂಭವಾಗಿ ಸುಮಾರು 24ರಿಂದ 32 ಗಂಟೆಗಳಲ್ಲಿ ಕೋಶಿಕೆ ಒಡೆಯುತ್ತದೆ. ಆದ್ದರಿಂದ ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಈ ಹೊತ್ತು ತಪ್ಪಿದರೆ ಇನ್ನೂ 21 ದಿನ ಮೇವು ಹಾಕಿ ಕಾಯಬೇಕಾಗುತ್ತದೆ.