ಜೆಟ್ ಎಂಜಿನ್ನಿನ ಬಾಯಿ ಎಷ್ಟು ತೂಗಬೇಕು?

ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ಯುದ್ಧವಿಮಾನವನ್ನು ಹಿಂದಿನಿಂದ ನೋಡುವ ಅವಕಾಶ ಸಿಕ್ಕರೆ ಬಾಲದ ಕಡೆ ಕಣ್ಣಿಡಿ. ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ ಅಲ್ಲಿನ ಲೋಹದ ದಳಗಳು ಅಗಲವಾಗಿ ತೆರೆದಿರುತ್ತವೆ. ಪೈಲಟ್ ಥ್ರಾಟಲ್ ಮುಂದಕ್ಕೆ ತಳ್ಳಿದಂತೆ ಅವು ಒಳಕ್ಕೆ ಸೇರಿ, ಬಾಯಿ ಕಿರಿದಾಗುತ್ತದೆ. ಆಫ್ಟರ್‌ಬರ್ನರ್ ಹೊತ್ತಿಕೊಂಡರೆ ಮತ್ತೆ ಅಗಲವಾಗುತ್ತದೆ. ಕಿವಿ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ.

ಈ ಬಾಯಿಯೇ ನಾಝಲ್. ಎಂಜಿನ್ ಪೂರ್ಣ ಶಕ್ತಿಯಲ್ಲಿರುವಾಗ ಬಿಸಿ ಅನಿಲ ನಾಝಲಿನ ಅತಿ ಕಿರಿದಾದ ಜಾಗದಲ್ಲಿ ಶಬ್ದದ ವೇಗ ಮುಟ್ಟುತ್ತದೆ. ಆಮೇಲೆ ಹಿಂದಿನಿಂದ ಎಷ್ಟು ನೂಕಿದರೂ ಆ ಇಕ್ಕಟ್ಟಿನಲ್ಲಿ ಅದರ ವೇಗ ಶಬ್ದದ ವೇಗವನ್ನು ಮೀರುವುದಿಲ್ಲ. ಟರ್ಬೈನ್ ದಾಟಿ ಬಂದ ಅನಿಲಕ್ಕೆ ಇನ್ನೊಮ್ಮೆ ಇಂಧನ ಚಿಮುಕಿಸಿ ಉರಿಸುವುದೇ ಆಫ್ಟರ್‌ಬರ್ನರ್ ಕೆಲಸ. ಕೆಲ್ವಿನ್ ಲೆಕ್ಕದಲ್ಲಿ ಅನಿಲದ ತಾಪ ಎರಡು ಪಟ್ಟಾದರೆ, ಅಷ್ಟೇ ಅನಿಲ ಅದೇ ಒತ್ತಡದಲ್ಲಿ ಹೊರಹೋಗಲು ಸುಮಾರು 1.4 ಪಟ್ಟು ಜಾಗ ಬೇಕು. ಬಾಯಿ ತೆರೆಯದಿದ್ದರೆ ಒತ್ತಡ ಎಂಜಿನ್ನಿನೊಳಕ್ಕೇ ಏರಿ ಗಾಳಿಯ ಹರಿವು ಮುಗ್ಗರಿಸುತ್ತದೆ.

ಹಾಗಾಗಿ ಯುದ್ಧವಿಮಾನಕ್ಕೆ ಹಿಗ್ಗುವ ನಾಝಲ್ ಬೇಕೇ ಬೇಕು. ತಕರಾರು ತೂಕದ್ದು. ಬೆಂಕಿಯಲ್ಲಿ ನಿಲ್ಲುವ ಮಿಶ್ರಲೋಹದ ದಳಗಳು, ದಳಗಳ ಸಂದು ಮುಚ್ಚುವ ಪಟ್ಟಿಗಳು, ಅವನ್ನು ಎಳೆಯುವ ಕೊಂಡಿಗಳು, ಕೊಂಡಿಗಳನ್ನು ನೂಕುವ ಹೈಡ್ರಾಲಿಕ್ ಸಿಲಿಂಡರುಗಳು ಎಲ್ಲವೂ ವಿಮಾನದ ತುತ್ತತುದಿಯಲ್ಲಿ ನೇತಾಡುತ್ತವೆ. ಬಾಲದಲ್ಲಿ ಕೂಡಿದ ಪ್ರತಿ ಕಿಲೋ ವಿಮಾನದ ಸಮತೋಲಕ್ಕೂ ತಲೆನೋವು. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ಜೆಟ್ ಯುದ್ಧವಿಮಾನ ಮೆಸರ್‌ಶ್ಮಿಟ್ 262ರ ಯೂಮೊ 004 ಎಂಜಿನ್ನಿನಲ್ಲಿ ದಳಗಳೇ ಇರಲಿಲ್ಲ. ನಾಝಲಿನ ನಡುವೆ ಈರುಳ್ಳಿ ಆಕಾರದ ಒಂದು ಗಡ್ಡೆಯನ್ನು ಹಿಂದೆ ಮುಂದೆ ಸರಿಸಿ ಸುತ್ತಲಿನ ಸಂದನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದರು. ಚೊಕ್ಕ ಉಪಾಯ. ಆದರೆ ಆ ಗಡ್ಡೆ ಸದಾ ಬಿಸಿ ಅನಿಲದ ನಡುವೆಯೇ ಇರಬೇಕು. ಆಫ್ಟರ್‌ಬರ್ನರ್ ಜ್ವಾಲೆಯಲ್ಲಿ ಅದನ್ನು ತಣ್ಣಗಿಡುವ ಏರ್ಪಾಡೇ ಹೊಸ ಭಾರವಾಗುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಕೆಲಸವನ್ನು ಗಾಳಿಗೇ ವಹಿಸುವ ವಿನ್ಯಾಸಗಳು. ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರುತ್ತಿದ್ದ ಅಮೆರಿಕದ ಎಸ್‌ಆರ್-71 ಬೇಹುವಿಮಾನದಲ್ಲಿ ನಾಝಲಿನ ಹೊರಸುತ್ತಿನ ರೆಕ್ಕೆಗಳಿಗೆ ಮೋಟಾರೂ ಇರಲಿಲ್ಲ, ಸಿಲಿಂಡರೂ ಇರಲಿಲ್ಲ. ಕೀಲಿನ ಮೇಲೆ ಸಡಿಲವಾಗಿ ಕೂತಿದ್ದವು, ಅಷ್ಟೆ. ವೇಗ ಕಡಿಮೆಯಿದ್ದಾಗ ಹೊರಗಿನ ಒತ್ತಡ ಅವನ್ನು ಒಳಕ್ಕೆ ಒತ್ತುತ್ತಿತ್ತು. ವೇಗ ಏರಿದಾಗ ಒಳಗಿನ ಅನಿಲ ಹೊರಕ್ಕೆ ನೂಕುತ್ತಿತ್ತು. ಪಕ್ಕದ ಗಾಳಿಬಾಗಿಲುಗಳೂ ಒತ್ತಡ ನೋಡಿಕೊಂಡು ತಾವೇ ತೆರೆದು ಮುಚ್ಚಿಕೊಳ್ಳುತ್ತಿದ್ದವು. ಎಫ್-15 ಮತ್ತು ಎಫ್-16ರ ಎಫ್100 ಎಂಜಿನ್ನಿನಲ್ಲಿ ಇನ್ನೊಂದು ಜಾಣತನವಿದೆ. ದಳವನ್ನು ತುದಿಯಲ್ಲಿ ಕೀಲಿಸದೆ ನಡುವೆ ಕೀಲಿಸಿದರೆ, ಅನಿಲ ಕೀಲಿನ ಎರಡೂ ಕಡೆ ಒತ್ತುವುದರಿಂದ ಬಲಗಳು ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ದಳ ಎಳೆಯುವ ಯಂತ್ರಕ್ಕೆ ಉಳಿಯುವ ಹೊರೆ ಕಡಿಮೆ, ಹಾಗಾಗಿ ಯಂತ್ರವೂ ಸಣ್ಣದು. ಎಫ್-15ರ ನಾಝಲಿಗೆ ಮೊದಲು ಹೊರಗವಚದ ಪಟ್ಟಿಗಳಿದ್ದವು. ಅವುಗಳ ನಿರ್ವಹಣೆಯ ಕಾಟ ತಡೆಯದೆ ಅಮೆರಿಕದ ವಾಯುಪಡೆ ಕಿತ್ತು ಹಾಕಿತು. ಇಂದಿಗೂ ಆ ವಿಮಾನಗಳ ಹಿಂಬದಿಯಲ್ಲಿ ಕೊಂಡಿ, ಸರಳುಗಳು ಬೆತ್ತಲೆಯಾಗಿ ಕಾಣುತ್ತವೆ.

ಪ್ರಯಾಣಿಕ ವಿಮಾನಕ್ಕೆ ಆಫ್ಟರ್‌ಬರ್ನರ್ ಇಲ್ಲವಲ್ಲ, ಅದಕ್ಕೇಕೆ ಈ ರಗಳೆ? ಕಾರಣ ಮುಂಭಾಗದ ದೊಡ್ಡ ಫ್ಯಾನ್. ಇಂಧನ ಉಳಿಸಬೇಕಾದರೆ ಫ್ಯಾನ್ ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕಬೇಕು, ಅಂದರೆ ಒತ್ತಡವನ್ನು ಸ್ವಲ್ಪವೇ ಏರಿಸಬೇಕು. ಅದು 1.4 ಪಟ್ಟು ಏರಿಸುತ್ತದೆ ಎಂದುಕೊಳ್ಳಿ. ನಾಝಲಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಲು ಹೊರಗಿನ ಒತ್ತಡಕ್ಕಿಂತ ಸುಮಾರು 1.9 ಪಟ್ಟು ಒತ್ತಡ ಬೇಕು. ಮೇಲೆ, ಶಬ್ದದ ವೇಗದ 0.8 ಪಟ್ಟಿನಲ್ಲಿ ಹಾರುವಾಗ, ವಿಮಾನದ ವೇಗವೇ ಗಾಳಿಯನ್ನು ಸುಮಾರು 1.5 ಪಟ್ಟು ಒತ್ತಿ ಒಳಕ್ಕೆ ಕೊಡುತ್ತದೆ. ಎರಡನ್ನೂ ಗುಣಿಸಿದರೆ 2.1, ಸಾಕಾಯಿತು. ರನ್‌ವೇಯಲ್ಲಿ ಆ ನೆರವಿಲ್ಲ. ಅದೇ ಬಾಯಿಂದ ಗಾಳಿ ಸಲೀಸಾಗಿ ಹೋಗದೆ ಫ್ಯಾನಿನ ಹಿಂದೆ ಒತ್ತಡ ಕಟ್ಟಿಕೊಳ್ಳುತ್ತದೆ, ಅಲಗುಗಳು ಅದುರತೊಡಗುತ್ತವೆ. ಟೇಕಾಫ್‌ನಲ್ಲಿ ಅಗಲ, ಮೇಲೆ ಕಿರಿದು, ಇದು ಆದರ್ಶ. ಆದರೆ ಬೋಯಿಂಗ್ 777ರ ಜಿಇ90-115ಬಿ ಎಂಜಿನ್ನಿನ ಫ್ಯಾನೇ 3.25 ಮೀಟರ್ ವ್ಯಾಸದ್ದು. ಹತ್ತು ಮೀಟರ್ ಸುತ್ತಳತೆಗೆ ಯುದ್ಧವಿಮಾನದ ಶೈಲಿಯ ದಳ, ಸಿಲಿಂಡರು ಜೋಡಿಸಿದರೆ ಉಳಿಸಿದ ಇಂಧನವನ್ನು ಆ ಭಾರವೇ ನುಂಗಿಬಿಡುತ್ತದೆ.

ಇಲ್ಲಿ ನೈಟಿನಾಲ್ ನೆರವಿಗೆ ಬರುತ್ತದೆ. ನಿಕ್ಕಲ್ ಮತ್ತು ಟೈಟೇನಿಯಮ್‌ಗಳ ಈ ಮಿಶ್ರಲೋಹದ ನೆನಪಿನ ಗುಣ ಅಮೆರಿಕದ ನೌಕಾಪಡೆಯ ಮೇರಿಲ್ಯಾಂಡಿನ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂತು. ತಣ್ಣಗಿರುವಾಗ ಬಗ್ಗಿಸಿ, ಬಿಸಿ ಮಾಡಿ, ಹಳೆಯ ಆಕಾರಕ್ಕೆ ಮರಳುತ್ತದೆ, ಅದೂ ಭಾರಿ ಬಲದೊಂದಿಗೆ. ಸಿಲಿಂಡರು, ಪಂಪು, ಎಣ್ಣೆಕೊಳವೆ ಮಾಡುವ ಕೆಲಸವನ್ನು ಒಂದು ಲೋಹದ ಪಟ್ಟಿ ಮಾಡುತ್ತದೆ. 2005ರಲ್ಲಿ ಬೋಯಿಂಗ್ ಕಂಪನಿ 777-300ಇಆರ್ ವಿಮಾನದಲ್ಲಿ, ನಾಝಲ್ ಅಂಚಿನ ಗರಗಸದ ಹಲ್ಲುಗಳನ್ನು ಇಂಥ ಪಟ್ಟಿಗಳಿಂದ ಬಗ್ಗಿಸಿ ಹಾರಿಸಿತು. ಟೇಕಾಫ್‌ನಲ್ಲಿ ಹಲ್ಲುಗಳು ಗಾಳಿಯ ಹರಿವಿಗೆ ಬಾಗಿ ಸದ್ದು ತಗ್ಗಿಸಿದವು. ಮೇಲೇರಿ ಚಳಿ ತಾಗಿದ ಮೇಲೆ ನೇರವಾದವು. ಸದ್ದಿಗೆಂದು ಮಾಡಿದ ಪರೀಕ್ಷೆಯಾದರೂ ದೊಡ್ಡ ಎಂಜಿನ್ನಿನ ಅಂಚನ್ನು ಯಂತ್ರವಿಲ್ಲದೆ ಬಗ್ಗಿಸಬಹುದೆಂದು ಅದು ತೋರಿಸಿತು.

ಈ ಲೋಹದ ದೋಷವೆಂದರೆ ಮಂದಗತಿ. ಬಿಸಿಯಾಗುವುದು ಬೇಗ, ತಣಿಯುವುದು ನಿಧಾನ. ಕಣ್ಣುಮಿಟುಕಿಸುವಷ್ಟರಲ್ಲಿ ಬಾಯಿ ತೆರೆಯಬೇಕಾದ ಯುದ್ಧವಿಮಾನಕ್ಕೆ ಇದು ಆಗದು. ಪ್ರಯಾಣಿಕ ವಿಮಾನ ಮೇಲೇರಲು ಹೇಗೂ ಇಪ್ಪತ್ತು ನಿಮಿಷ ತೆಗೆದುಕೊಳ್ಳುವುದರಿಂದ ಅವಸರವಿಲ್ಲ. ಆದರೆ ಬರಿಯ ಹವೆಯನ್ನೇ ನಂಬಿ ಕೂತರೂ ಆಗದು. ಜನವರಿಯ ಸೈಬೀರಿಯದಲ್ಲಿ, ಯಾಕುತ್ಸ್ಕ್‌ನಂಥ ಊರಲ್ಲಿ, ನೆಲದಲ್ಲೇ ಮೈನಸ್ 40 ಡಿಗ್ರಿ. ಅಲ್ಲಿ ಲೋಹಕ್ಕೆ ನೆಲ ಯಾವುದು, ಆಕಾಶ ಯಾವುದು ತಿಳಿಯದು. ಆದ್ದರಿಂದ ಸಣ್ಣ ಹೀಟರು ಜೊತೆಗಿರಲೇಬೇಕು.

ಬೇರೆ ದಾರಿಗಳೂ ಇವೆ. ಇಳಿಯುವಾಗ ಬ್ರೇಕಿನಂತೆ ಬಳಸುವ ಥ್ರಸ್ಟ್ ರಿವರ್ಸರ್‌ನ ಜಾರುಕವಚ ಹೇಗೂ ಎಂಜಿನ್ನಿನ ಮೇಲಿದೆ. ಅದನ್ನೇ ತುಸು ಹಿಂದಕ್ಕೆ ಸರಿಸಿ ಸಂದು ತೆರೆದರೆ ಹೊಸ ಯಂತ್ರ ಬೇಕಿಲ್ಲ. ಕಂಪ್ರೆಸರಿನಿಂದ ಕದ್ದ ಗಾಳಿಯನ್ನು ನಾಝಲಿನ ಗೋಡೆಯಿಂದ ಚಿಮ್ಮಿಸಿ ಮುಖ್ಯ ಹರಿವನ್ನು ಹಿಂಡುವ ಉಪಾಯದಲ್ಲಂತೂ ಚಲಿಸುವ ದಳವೇ ಇಲ್ಲ. ಆದರೆ ಹೆಚ್ಚು ಒತ್ತಡದ ಆ ಗಾಳಿ ಪುಕ್ಕಟೆಯಲ್ಲ, ಕದ್ದಷ್ಟೂ ಎಂಜಿನ್ನಿನ ಬಲ ಇಳಿಯುತ್ತದೆ.

ಪ್ರಾಟ್ ಅಂಡ್ ವಿಟ್ನಿ ಕಂಪನಿ ಫ್ಯಾನನ್ನು ಗೇರ್ ಮೂಲಕ ತಿರುಗಿಸುವ ತನ್ನ ಎಂಜಿನ್ನಿಗೆ ಹಿಗ್ಗುವ ಫ್ಯಾನ್ ನಾಝಲ್ ಬೇಕೆಂದು ಮೊದಲು ಯೋಚಿಸಿ, ಕೊನೆಗೆ ಅದಿಲ್ಲದೆಯೇ ಮಾರುಕಟ್ಟೆಗೆ ತಂದಿತು. ಇಂದು ನಾವು ಹತ್ತುವ ಎ320 ನಿಯೋ, 737 ಮ್ಯಾಕ್ಸ್, 787 ವಿಮಾನಗಳೆಲ್ಲ ಸ್ಥಿರ ನಾಝಲಿನವೇ. ಅದು ಸರಿಯಾದ ತೀರ್ಮಾನವೇ ಆಗಿತ್ತು ಎನ್ನುತ್ತೇನೆ. ಆದರೆ ಫ್ಯಾನಿನ ಒತ್ತಡ 1.4 ಪಟ್ಟಿಗಿಂತ ಸಾಕಷ್ಟು ಕೆಳಗಿಳಿದರೆ ಸ್ಥಿರ ಬಾಯಿ ಸಾಲದು, ಮತ್ತು ಆಗ ಗೆಲ್ಲುವುದು ಎಂಜಿನ್ನಿಗೆ ಅತಿ ಕಡಿಮೆ ಕಿಲೋ ಸೇರಿಸುವ ಉಪಾಯವೇ.